ದೊರೆಯ ಹೆಸರಿನ ಹೋತ

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಕಟ್ಟಿಕೊಂಡ ಜನ ಪುಣ್ಯವಂತರು, ಅವರಿಗೆ ಮೊದಲೇ ಗೊತ್ತಿರುತ್ತದೆ. ಟೊಂಗಾದ ನಮ್ಮ ಪುಟ್ಟ ದ್ವೀಪದಲ್ಲಿ ಲೂಪೆಗೆ ಈ ಗಾದೆ ಹೇಳಿಕೊಡುವವರು ಯಾರೂ ಇರಲಿಲ್ಲ. ಆಡೇ ಇರಲಿಲ್ಲ, ಗಾದೆ ಎಲ್ಲಿಂದ ಬರಬೇಕು?

ಆಡು ಬಂದದ್ದು ಬಿಳಿಯರ ಹಡಗಿನಲ್ಲಿ. ನಾಲ್ಕು ದಿನ ಲಂಗರು ಹಾಕಿದ್ದ ಹಡಗು ಐವತ್ತು ಹಂದಿಗಳನ್ನೂ ಗುಡ್ಡದಷ್ಟು ಗೆಣಸನ್ನೂ ಹೇರಿಕೊಂಡು ಹೋಯಿತು. ಬಿಟ್ಟುಹೋದದ್ದು ಒಂದು ಹಿಡಿ ಮೊಳೆ, ಊರಿಗೆಲ್ಲ ನೆಗಡಿ, ಮತ್ತು ಒಂದು ಹೋತ.

ಗೆಳೆತನವಾದರೆ ಹೆಸರು ಬದಲಾಯಿಸಿಕೊಳ್ಳುವುದು ನಮ್ಮ ಕಡೆ ಮರ್ಯಾದೆ. ಹಾಗಾಗಿ ಕಪ್ತಾನ ಹೆನ್ರಿ ಮೊತುಲಿಕಿಯಾದ, ನಮ್ಮ ದೊರೆ ಮೊತುಲಿಕಿ ಹೆನೆಲಿಯಾದ. ಹೆನ್ರಿ ಅನ್ನಲು ನಮ್ಮ ನಾಲಗೆ ಅಷ್ಟೇ ಹೊರಳಿದ್ದು. ಹೊರಡುವ ದಿನ ಕಪ್ತಾನ ಹೋತದ ಹಗ್ಗವನ್ನು ದೊರೆಯ ಕೈಗಿತ್ತ. ದೊರೆ ಅದರ ಕಡೆ ಬೆರಳು ತೋರಿಸಿ, "ಇವರ ಹೆಸರೇನು?" ಅಂತ ಕೇಳಿದ. ಪಾಪ, ದೊರೆ ತನ್ನ ಹೊಸ ಹೆಸರನ್ನೇ ಮರೆತಿದ್ದಾನೆ ಅಂದುಕೊಂಡ ಕಪ್ತಾನ, "ಹೆನ್ರಿ! ಹೆನ್ರಿ!" ಅಂತ ಎರಡು ಸಲ ಕೂಗಿ ಹೇಳಿ ಹಡಗು ಹತ್ತಿದ.

ಅಲ್ಲಿಗೆ ಊರಿಗೆ ಇಬ್ಬರು ಹೆನೆಲಿಗಳಾದರು.

ದೊರೆಗೆ ಹಿಗ್ಗೋ ಹಿಗ್ಗು. "ನೋಡ್ರೋ, ನನ್ನ ಹೆಸರಿನವನು! ಆ ಗಡ್ಡ ನೋಡಿ, ಎಂಥಾ ಗಾಂಭೀರ್ಯ!" ಅಂತ ಹಗ್ಗವನ್ನೂ ಬಿಚ್ಚಿಸಿದ. "ನನ್ನನ್ನ ಯಾರಾದ್ರೂ ಗೂಟಕ್ಕೆ ಕಟ್ತಾರೇನ್ರೋ?"

ದೊರೆಯ ಹೆಸರು ನಮ್ಮಲ್ಲಿ ತಪು, ಅಂದರೆ ಮೈಲಿಗೆ ಮಾಡಬಾರದ ಪವಿತ್ರ ವಸ್ತು. ಆ ಹೆಸರಿಟ್ಟುಕೊಂಡವರ ಮೇಲೆ ಕೋಲು ಎತ್ತುವಂತಿಲ್ಲ, ಆ ಹೆಸರು ಹಿಡಿದು ಬೈಯುವಂತಿಲ್ಲ. ಹೋತಕ್ಕೆ ಇದು ಎರಡೇ ದಿನದಲ್ಲಿ ಅರ್ಥವಾಯಿತು. ಕೆಸುವಿನ ತೋಟ ಮುಗಿಸಿತು, ಚಾಪೆ ತಿಂದಿತು, ದೋಣಿಯ ಹಾಯಿಯ ಅಂಚನ್ನೂ ಬಿಡಲಿಲ್ಲ.

ಲೂಪೆ ಊರಿನ ತೊಗಟೆ ಬಟ್ಟೆ ಮಾಡುವ ಹೆಂಗಸರಿಗೆ ಯಜಮಾನಿ. ದೊರೆಯ ಮಗಳ ಮದುವೆಗೆಂದು ಹನ್ನೆರಡು ಜನ ಆರು ತಿಂಗಳು ತೊಗಟೆ ಬಡಿದು, ಗೆಡ್ಡೆಯ ಗಂಜಿಯಲ್ಲಿ ಅಂಟಿಸಿ, ಬಣ್ಣ ಬಳಿದು ಮಾಡಿದ ಬಟ್ಟೆ ಅಂಗಳದುದ್ದಕ್ಕೂ ಬಿಸಿಲಿಗೆ ಹಾಸಿತ್ತು. ಹೋತ ಒಂದು ಮೂಲೆಯಿಂದ ಶುರುಮಾಡಿತು. ಗಂಜಿ ಬಲು ರುಚಿ ಇತ್ತೆಂದು ಕಾಣುತ್ತದೆ.

"ಹೊಡೀರೇ ಅದಕ್ಕೆ!" ಅಂತ ಒಬ್ಬಳು ಕೂಗಿದಳು.

"ಹೊಡಿಯೋ ಹಾಗಿಲ್ಲ ಕಣೇ."

"ಬೈಯಿರಿ ಮತ್ತೆ!"

"ಬೈಯೋ ಹಾಗೂ ಇಲ್ಲ."

ಲೂಪೆಯೇ ಮುಂದೆ ಹೋಗಿ ನೆಲಕ್ಕೆ ಕೂತು, ಅರಮನೆಯ ಮಾತಿನಲ್ಲಿ ಬೇಡಿಕೊಂಡಳು: "ಹೆನೆಲಿಯವರೇ, ತಮ್ಮ ಹೊಟ್ಟೆ ತುಂಬಿದ್ದರೆ ದಯಮಾಡಿ ಆ ಕಡೆ ಬಿಜಯಂಗೈಯಬೇಕು."

ಹೆನೆಲಿಯವರು ಅಗಿಯುತ್ತಲೇ ಅವಳನ್ನು ದಿಟ್ಟಿಸಿದರು. ಆಮೇಲೆ ತಿರುಗಿ ನಿಂತು, ಕೆಂಪು ಬಣ್ಣದ ಅಂಚಿನ ಮೇಲೆ ಸಾವಕಾಶವಾಗಿ ಉಚ್ಚೆ ಹೊಯ್ದರು.

ಲೂಪೆಯ ನಾಲಗೆಯ ಕಟ್ಟು ಬಿಚ್ಚಿಹೋಯಿತು. "ಥೂ ಹೆನೆಲಿ! ಗಡ್ಡದ ಕಳ್ಳ! ಮೈಯೆಲ್ಲ ನಾತ ಹೊಡಿಯೋ ಮುದಿಯ! ನಿನ್ನ ಹೊಟ್ಟೆ ಸೇದಿಹೋಗ!"

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಬಟ್ಟೆ ನೋಡಲು ಬಂದಿದ್ದ ದೊರೆ.

"ಯಾರಿಗೆ ಅಂದದ್ದು?"

"ಆ... ಆ ಹೆನೆಲಿಗೆ, ದೊರೆ."

"ನಾನು ನಾತ ಹೊಡೀತೀನಾ?"

"ಉಂಟೇ! ತಾವು ಎಣ್ಣೆ ಹಚ್ಚಿಕೊಂಡು ಘಮಘಮ ಅಂತಿದ್ದೀರಿ."

"ಹಾಗಾದ್ರೆ ಹೆನೆಲಿ ನಾತ ಹೊಡೀತಾನೆ ಅನ್ನೋದು ಸುಳ್ಳು ತಾನೇ?"

"ಸುಳ್ಳು, ದೊರೆ," ಅಂದಳು ಲೂಪೆ, ಮೂಗು ಮುಚ್ಚಿಕೊಂಡು.

"ಮಗಳ ಮದುವೆ ಬಟ್ಟೆ, ಒಂದು ಚೂರು ರುಚಿ ನೋಡಿದ. ಏನೀಗ? ಹರಿದಷ್ಟು ಹೊಸದು ಮಾಡಿ."

ಲೂಪೆ ಅಳಲಿಲ್ಲ. ಹೋತ ಅಗಿದು ಉಗುಳಿದ ಚೂರನ್ನು ಎಲೆಯಲ್ಲಿ ಸುತ್ತಿಕೊಂಡು, ಅರ್ಧ ದಿನ ನಡೆದು ದ್ವೀಪದ ಇನ್ನೊಂದು ತುದಿಗೆ ಹೋದಳು. ಅಲ್ಲಿದ್ದವಳು ದೊರೆಯ ಅಕ್ಕ ಹಿನಾ. ನಮ್ಮಲ್ಲಿ ದೊರೆಗಿಂತ ದೊರೆಯ ಅಕ್ಕ ದೊಡ್ಡವಳು. ತಮ್ಮನದು ಏನೇ ಇರಲಿ, ಅವಳು ಕೇಳಿದರೆ ಅವನು ಇಲ್ಲ ಅನ್ನುವಂತಿಲ್ಲ.

ಹಿನಾ ಕತೆ ಕೇಳಿ ಭಾರೀ ಮೈಯೆಲ್ಲ ಕುಲುಕುವ ಹಾಗೆ ನಕ್ಕಳು. "ಚಿಕ್ಕಂದಿನಲ್ಲೂ ಅವನು ಹೀಗೇ ಕಣೇ. ಒಂದು ಏಡಿಗೆ ಹೆಸರಿಟ್ಟು ಪಕ್ಕದಲ್ಲಿ ಮಲಗಿಸಿಕೊಳ್ತಿದ್ದ. ಎಲ್ಲೆಲ್ಲಿ ಕಚ್ಚಿಸಿಕೊಂಡ ಅಂತ ಕೇಳಬೇಡ. ನಡಿ, ಬರ್ತೀನಿ."

ಅಕ್ಕ ಅಂಗಳಕ್ಕೆ ಕಾಲಿಟ್ಟದ್ದೇ ದೊರೆ ಚಾಪೆಯಿಂದ ಜಾರಿ ನೆಲಕ್ಕೆ ಕೂತ.

"ತಮ್ಮಾ, ಒಂದು ಕೇಳೋಕೆ ಬಂದೆ."

"ಕೇಳಕ್ಕ. ಇರೋದೆಲ್ಲ ನಿಂದೇ."

"ಹೆನೆಲಿ ಬೇಕು."

ದೊರೆಯ ಮುಖ ಬಿಳಿಚಿಕೊಂಡಿತು. "ನಾನೇ ಬಂದುಬಿಟ್ರೆ ಊರು ನೋಡ್ಕೊಳ್ಳೋರು ಯಾರಕ್ಕ?"

"ನಿನ್ನ ಕಟ್ಕೊಂಡು ನಾನೇನು ಮಾಡ್ಲೋ! ನಾಲ್ಕು ಕಾಲಿಂದು ಕೊಡು."

ದೊರೆಯ ಕಣ್ಣು ತುಂಬಿತು, ಆದರೂ ತಲೆ ಆಡಿಸಿದ. ಹೋತ ಹೊರಡಲು ಒಪ್ಪಲಿಲ್ಲ. ಹಿನಾ ಅದರ ಬೆನ್ನಿಗೆ ರಪ್ಪನೆ ಒಂದು ಬಿಟ್ಟಳು. ಊರು ಉಸಿರು ಬಿಗಿಹಿಡಿಯಿತು. ದೊರೆ ತನಗರಿವಿಲ್ಲದೆ ತನ್ನ ಬೆನ್ನು ಸವರಿಕೊಂಡ.

ಮೂರನೆಯ ದಿನ ಹೋತ ಹಿನಾಳ ಮನೆಯ ಸೂರು ತಿಂದಿತು. ನಾಲ್ಕನೆಯ ದಿನ ಅವಳು ನೆಲದಲ್ಲಿ ಒಲೆ ತೋಡಿಸಿ ಕಲ್ಲು ಕಾಯಿಸಿದಳು. ತಮ್ಮನಿಗೂ ಲೂಪೆಗೂ ಕರೆ ಹೋಯಿತು.

ದೊರೆ ಸೂತಕದ ಮುಖ ಹೊತ್ತು ಬಂದ. ತೆಂಗಿನ ಹಾಲಲ್ಲಿ ಬೆಂದ ತೊಡೆಯನ್ನು ಬಾಳೆಲೆಯಲ್ಲಿಟ್ಟು ಅವನ ಮುಂದೆ ತಂದರು.

"ನನ್ನ ಹೆಸರಿನವನನ್ನ ನಾನೇ ಹ್ಯಾಗೆ ತಿನ್ಲಿ ಅಕ್ಕ? ತಪು ಅಲ್ವಾ?"

"ಹೌದಲ್ಲ, ಮರೆತೇ ಹೋಗಿತ್ತು. ಲೂಪೆ, ಆ ತೊಡೆ ನೀನು ತಗೋ."

ದೊಡ್ಡವರ ಎದುರು ತಿನ್ನಬಾರದಲ್ಲ, ಲೂಪೆ ಬೆನ್ನು ತಿರುಗಿಸಿ ಕೂತಳು. ದೊರೆಗೆ ಕಾಣಿಸಲಿಲ್ಲ; ಕೇಳಿಸಿತು. ಲೂಪೆ ಬೇಕಂತಲೇ ಮೂಳೆ ಚೀಪಿದಳು.

ಎರಡು ಸಲ ಉಗುಳು ನುಂಗಿ ದೊರೆ ಎದ್ದು ನಿಂತ. "ಎಲ್ಲರೂ ಕೇಳ್ರಪ್ಪಾ! ಈ ಗಳಿಗೆಯಿಂದ ನಾನು ಮೊತುಲಿಕಿ. ಹೆನೆಲಿ ಅನ್ನೋ ಹೆಸರು ಆ ಹಡಗಿನವನೇ ಇಟ್ಕೊಳ್ಳಲಿ." ಆಮೇಲೆ ಅವನೂ ಅಕ್ಕನಿಗೆ ಬೆನ್ನು ಹಾಕಿ ಕೂತು, "ಇನ್ನೊಂದು ತೊಡೆ ಇದೆ ತಾನೇ?" ಅಂದ.

ಮದುವೆ ಹದಿನೈದು ದಿನ ಮುಂದಕ್ಕೆ ಹೋಯಿತು. ತಪ್ಪೊಪ್ಪಿಕೊಂಡ ಹಾಗೆ ದೊರೆ ಒಂದು ಬೆಳಗ್ಗೆ ತಾನೇ ತೊಗಟೆ ಬಡಿಯಲು ಬಂದು ಕೂತ, ಮೂರನೇ ಪೆಟ್ಟಿಗೆ ಹೆಬ್ಬೆರಳು ಜಜ್ಜಿಕೊಂಡ. ಹೆಂಗಸರು ನಗು ತಡೆಯಲಾರದೆ ಒಬ್ಬರ ಹಿಂದೊಬ್ಬರು ಅವಿತುಕೊಂಡರು. ಲೂಪೆ ಅವನ ಬೆರಳಿಗೆ ಎಲೆ ಕಟ್ಟಿ, ಕೊಡತಿ ಇಸಿದುಕೊಂಡು, ತೇಪೆಯ ಅಂಚಿಗೆ ಗಂಜಿ ಸವರತೊಡಗಿದಳು.