ಎರಡು ಗಂಟೆಯ ದುಬೈ

ನಾನು ಒಂದು ಗೋಡೆ ಗಡಿಯಾರ. ಹುಟ್ಟಿದ್ದು ಗುಜರಾತಿನ ಕಾರ್ಖಾನೆಯಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಹನ್ನೆರಡು ಮಂದಿ ಒಡಹುಟ್ಟಿದವರು. ಟಿಕ್ಕಿನಲ್ಲಾಗಲಿ ಟಕ್ಕಿನಲ್ಲಾಗಲಿ ನಮಗೆ ವ್ಯತ್ಯಾಸವಿರಲಿಲ್ಲ. ಮಂಗಳೂರಿನ ಟಿಕೆಟ್ ಏಜೆಂಟ್ ಪುಷ್ಪರಾಜರು ನನ್ನನ್ನು ಕೊಂಡು, ಕಿವಿ ಹಿಂಡುವಂತೆ ಬೆನ್ನಿನ ತಿರುಪು ಹಿಂಡಿ, ಒಂದೂವರೆ ಗಂಟೆ ಹಿಂದಕ್ಕೆ ತಳ್ಳಿ, ಕೆಳಗೆ 'ದುಬೈ' ಎಂದು ಚೀಟಿ ಅಂಟಿಸಿದರು. ಅಂದಿನಿಂದ ನಾನು ಗೋಡೆಯಲ್ಲಿದ್ದೂ ಗಲ್ಫಿನವನು.

ಪುಷ್ಪರಾಜರು ಗಿರಾಕಿ ಬಂದೊಡನೆ ಬಾಯಲ್ಲೇ ವಿಮಾನ ಹಾರಿಸುತ್ತಿದ್ದರು. "ಜೊಂಯ್ಯ್! ಒಂಬತ್ತಕ್ಕೆ ಇಲ್ಲಿ ಹತ್ತಿದಿರಾ, ಹನ್ನೊಂದಕ್ಕೆ ಅಲ್ಲಿ ಚಾ. ಎರಡೇ ಗಂಟೆ ಮಾರಾಯ್ರೆ!" ಎನ್ನುತ್ತ ನನ್ನತ್ತ ಬೆರಳು ತೋರಿಸುವರು. ಎರಡೂವರೆ ಸಾವಿರ ಕಿಲೋಮೀಟರಿಗೆ ವಿಮಾನ ಮೂರೂವರೆ ಗಂಟೆ ಹಾರಲೇಬೇಕು. ಉಳಿದ ಒಂದೂವರೆಯನ್ನು ನುಂಗಿ ಕುಳಿತವನು ನಾನು.

ಒಂದು ದಿನ ಅವ್ವಮ್ಮ ಎಂಬವಳು ತನ್ನ ತಮ್ಮ ಶರಫುದ್ದೀನನನ್ನು ಕರೆದುಕೊಂಡು ಬಂದಳು. ಆ ಮನೆಯಿಂದ ವಿಮಾನ ಹತ್ತುವವರಲ್ಲಿ ಅವನೇ ಮೊದಲಿಗ.

"ಎರಡೇ ಗಂಟೆಯಾ? ಮಡಿಕೇರಿ ಬಸ್ಸಿಗೆ ನಾಲ್ಕು ಬೇಕಲ್ಲ! ಹಾಗಾದ್ರೆ ನೀನು ಹೋದದ್ದೇ ಅಲ್ಲ ಬಿಡು," ಎಂದು ಕಣ್ಣೊರೆಸಿಕೊಂಡು ನಕ್ಕಳು.

ಮುಂದೆ ಅಂಗಡಿ ಮುಚ್ಚುವಾಗ ಪುಷ್ಪರಾಜರು ನನ್ನನ್ನು ಅವಳಿಗೇ ಕೊಟ್ಟರು. ಅವಳ ಅಡುಗೆಮನೆಯ ಗೋಡೆಯಿಂದ ನಾನು ಕಂಡದ್ದು ಅವಳ ಬೈತಲೆ ಮತ್ತು ಎತ್ತಿದ ಮುಖ. "ಈಗ ಅವನು ಊಟಕ್ಕೆ ಕೂತ," "ಈಗ ಕೆಲಸ ಬಿಟ್ಟ," ಎಂದು ನನ್ನನ್ನು ನೋಡಿ ಹೇಳುವಳು.

ಒಂದು ಬೆಳಿಗ್ಗೆ ಅವರ ತಂದೆ, ಅಬ್ಬ ಮೊಯ್ದೀನಬ್ಬ ತೀರಿಕೊಂಡರು. ಶರಫುದ್ದೀನ್ ಫೋನಿನಲ್ಲಿ ಅಳುತ್ತ, "ಹನ್ನೊಂದಕ್ಕೆ ವಿಮಾನ. ಒಮ್ಮೆ ಮುಖ ನೋಡ್ಬೇಕು ಅಕ್ಕ, ನಾನು ಬರುವವರೆಗೆ ನಿಲ್ಲಿಸಿ," ಎಂದ. ಲೈನು ಕಡಿಯಿತು.

ಮಯ್ಯತ್ತನ್ನು ಮಣ್ಣು ಮಾಡದೆ ಹೆಚ್ಚು ಹೊತ್ತು ಇಡುವಂತಿಲ್ಲ. ಹಿರಿಯರು ಅವನು ಎಷ್ಟಕ್ಕೆ ಬರುತ್ತಾನೆ ಎಂದು ಕೇಳಿದರು. ಅವ್ವಮ್ಮ ನನ್ನ ಮುಂದೆ ನಿಂತು ಬೆರಳು ಮಡಚಿದಳು: ಹನ್ನೊಂದಕ್ಕೆ ಹೊರಟರೆ ಒಂದಕ್ಕೆ ಇಳಿಯುತ್ತಾನೆ, ಎರಡಕ್ಕೆ ಮನೆ. "ಅವಳಿಗೆ ಗೊತ್ತಿರ್ತದೆ. ದುಬೈ ಗಡಿಯಾರವೇ ಉಂಟಲ್ಲ ಅವಳತ್ರ," ಎಂದರು ಅವಳ ಮಾವ.

ನನಗೆ ಎರಡು ಮುಳ್ಳುಗಳಿವೆ, ನಾಲಗೆಯಿಲ್ಲ. ಅಲ್ಲಿಯ ಹನ್ನೊಂದೆಂದರೆ ಇಲ್ಲಿಯ ಹನ್ನೆರಡೂವರೆ. ಹೋಗುವಾಗ ನಾನು ನುಂಗಿದ ಒಂದೂವರೆ ಗಂಟೆಯನ್ನು ಬರುವಾಗ ಕಕ್ಕಲೇಬೇಕು. ಮೂರೂವರೆ ಗಂಟೆ ಹಾರಿ ಅವನು ಇಳಿಯುವುದು ಇಲ್ಲಿಯ ನಾಲ್ಕಕ್ಕೆ.

ಇಲ್ಲಿ ಎರಡಾಯಿತು. ಎರಡೂವರೆಯಾಯಿತು. ಅವನ ಫೋನು ಸ್ವಿಚ್ ಆಫ್. "ವಿಮಾನ ತಪ್ಪಿರ್ಬೇಕು," ಎನ್ನುತ್ತ ಮಾವ, ಬಾಗಿಲು ಹಿಡಿದು ನಿಂತ ಅವ್ವಮ್ಮನ ಕೈ ಬಿಡಿಸಿದರು. ಮೂರಕ್ಕೆ ಮಯ್ಯತ್ತನ್ನು ಎತ್ತಿದರು.

ಐದಕ್ಕೆ ಶರಫುದ್ದೀನ್ ಬಂದ. ಖಾಲಿ ಮಂಚ ನೋಡಿದ. ಅಕ್ಕನನ್ನು ಬೈಯಲಿಲ್ಲ. "ಮೂರು ಗಂಟೆಗೆ ನಾನು ಸಮುದ್ರದ ಮೇಲಿದ್ದೆ ಅಕ್ಕ," ಎಂದ. "ಚಾ ಕೊಟ್ಟರು. ಕುಡಿದೆ."

ಆ ಸಂಜೆಯೇ ಅವ್ವಮ್ಮ ನನ್ನ ಸೆಲ್ಲು ತೆಗೆದಳು. ಈಗ ನಾನು ಅಟ್ಟದಲ್ಲಿ, ಅಬ್ಬನ ಊರುಗೋಲಿನ ಪಕ್ಕದಲ್ಲಿದ್ದೇನೆ. ಕೆಳಗಿನ ಮಾತು ಮಾತ್ರ ಕೇಳುತ್ತದೆ. ಮೊನ್ನೆ ನೆರೆಮನೆಯ ಹೊಸ ಸೊಸೆ ಕೇಳಿದಳು: "ದುಬೈಗೆ ಎಷ್ಟು ಹೊತ್ತಿನ ದಾರಿ ಅವ್ವಮ್ಮಕ್ಕ?"

"ಎರಡು ಗಂಟೆ," ಎಂದಳು ಅವ್ವಮ್ಮ. ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು. "ಮೂರಕ್ಕೆ ಅಬ್ಬನನ್ನು ಎತ್ತಿದ್ರು. ಐದಕ್ಕೆ ಅವನು ಬಂದ."