ಬಲಗಿವಿ ಸತ್ತ ಇಯರ್‌ಫೋನ್

ಹಡಗು ಕಟ್ಟುವ ಯಾರ್ಡಿನಲ್ಲಿ ಅವನನ್ನು ಎಲ್ಲರೂ ಕಿಡಿ ಅಂತಲೇ ಕರೆಯುತ್ತಿದ್ದರು. ವೆಲ್ಡರ್ ಅನ್ನುವುದಕ್ಕಿಂತ ಅವನ ಮೂಗಿನ ತುದಿಯ ಸಿಟ್ಟಿಗೆ ಇಟ್ಟ ಹೆಸರು ಅದು. ದಿನಗೂಲಿಯಿಂದ ಖಾಯಂ ಆಗಬೇಕಾದರೆ ಕೊರಿಯಾದ ಸಾಹೇಬರ ಮುಂದೆ ಕೂತು ಅವರ ಭಾಷೆಯಲ್ಲಿ ನಾಲ್ಕು ಮಾತಾಡಬೇಕು ಅಂತ ಹೊಸ ನಿಯಮ ಬಂತು. ಪಾಠವೇನೋ ಫೋನಿನಲ್ಲಿ ಪುಕ್ಕಟೆ ಸಿಕ್ಕಿತು; ಆದರೆ ಅದು ಇಂಗ್ಲಿಷ್ ಬಲ್ಲವರಿಗೆ. ಕಿಡಿ ಏಳನೇ ಕ್ಲಾಸಿಗೇ ಶಾಲೆಗೆ ಎಳ್ಳುನೀರು ಬಿಟ್ಟವನು. ಹೊಳೆ ದಾಟಲು ಬಂದವನಿಗೆ ಮೊದಲು ಸಮುದ್ರ ಈಜು ಅಂದ ಹಾಗಾಯಿತು.

"ಇಂಗ್ಲಿಷನ್ನ ನಾನು ನೋಡ್ಕೋತೀನಿ ಕಣೋ," ಅಂದಳು ಅವನ ಅಕ್ಕ, ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು. ದಿನಾ ಸಂಜೆ ಅವನ ಹಳೇ ಇಯರ್‌ಫೋನ್ ಹಾಕಿಕೊಂಡು ಅರ್ಥ ಹೇಳುತ್ತಿದ್ದಳು. ಅದರ ಬಲಗಿವಿ ಸತ್ತು ವರ್ಷವಾಗಿತ್ತು.

"ಕ್ರಿಯಾಪದ ಕೊನೇಲಿ ಬರುತ್ತಂತೆ, ಹುಷಾರಾಗಿರಿ ಅಂತಾನೆ ಪಾಠದ ಮೇಷ್ಟ್ರು."

"ನಮ್ಮದೂ ಕೊನೇಲೇ ಬರೋದಲ್ವಾ? ಅದಕ್ಕೆ ಇಷ್ಟೊಂದು ಗೋಳಾ?"

ಪಾಠದಲ್ಲಿ ವಿವರಣೆಯ ಬೆನ್ನಿಗೆ ಒಬ್ಬ ಹೆಂಗಸು ಕೊರಿಯಾದ ಮಾತಿನಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಆಮೇಲೆ ಮೌನ.

"ಇವಳ್ಯಾಕೆ ಸುಮ್ಮನಾಗ್ತಾಳೆ?"

"ನೀನು ಉತ್ತರ ಹೇಳ್ಲಿ ಅಂತ ಕಾಯ್ತಾಳೆ, ಪೆದ್ದ."

ಅವನು ಹೇಳಿದ. ಯಾರ್ಡಿನಲ್ಲಿ ವೆಲ್ಡಿಂಗ್ ಮಾಸ್ಕಿನ ಕತ್ತಲಲ್ಲಿ, ನೀಲಿ ಬೆಳಕಿಗೆ ಕಬ್ಬಿಣ ಜೇನಿನ ಹಾಗೆ ಕರಗುತ್ತಿದ್ದಾಗ, ನೀರಿನಡಿಯಿಂದ ಎದ್ದಂತೆ ಆ ದನಿ ಎಡಗಿವಿಗೆ ಬರುತ್ತಿತ್ತು: ಬಾಪ್ ಮೊಗೊಸ್ಸೊಯೊ? ಊಟ ಆಯ್ತಾ? ಎರಡು ಹನಿ ಮೌನ. 'ಆಯ್ತಮ್ಮ' ಅನ್ನುತ್ತಿದ್ದ, ತನ್ನ ಮಾತಿನಲ್ಲೇ. ಅಮ್ಮ ಹೇಗಿದ್ದಾರೆ? 'ಅಮ್ಮ ಇಲ್ಲ, ಅಕ್ಕ ಇದ್ದಾಳೆ.' ದಣಿದಿದ್ದೀರಾ? ಇದನ್ನು ಅವನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಹಡಗಿನ ಹೊಟ್ಟೆಯೊಳಗೆ ಮೂರು ತಿಂಗಳು ತೇಲಿಹೋದವು.

ಪರೀಕ್ಷೆಯ ದಿನ ಮೇಜಿನಾಚೆ ನರೆತ ತಲೆಯ ಸಾಹೇಬರು, ಪಕ್ಕದಲ್ಲಿ ದುಭಾಷಿ.

"ಇರುಮಿ ಮ್ವೊಯೆಯೊ?" ಅಂದರು ಸಾಹೇಬರು. ಹೆಸರೇನು. ಗೊತ್ತು! ಬಾಯಿ ತೆರೆದ. ಅದೇ ಎರಡು ಹನಿ ಮೌನ. ಪಾಠದ ಹೆಂಗಸು ಕಾಯುತ್ತಿರಲಿಲ್ಲ, ಪ್ರಶ್ನೆ ಎಡಗಿವಿಗೆ ಬಂದರೆ ಉತ್ತರ ಬಲಗಿವಿಗೆ ಬರುತ್ತಿತ್ತು, ಆ ಉತ್ತರಗಳೆಲ್ಲ ಸತ್ತ ಬಲಗಿವಿಯಲ್ಲಿ ಉಳಿದುಬಿಟ್ಟಿದ್ದವು ಅಂತ ಆಗ ಹೊಳೆಯಿತು.

"ಏಳನೇ ಕ್ಲಾಸಿಗೆ ಇಷ್ಟು ಸಾಕು, ಎದ್ದೇಳಪ್ಪ," ದುಭಾಷಿ ನಕ್ಕ.

ಕಿಡಿಗೆ ಸಿಟ್ಟು ನೆತ್ತಿಗೇರಿತು. ಏಳಲಿಲ್ಲ. ತನಗೆ ಬರುವ ಪ್ರಶ್ನೆಗಳನ್ನೇ ಸಾಹೇಬರಿಗೆ ಅವರ ಭಾಷೆಯಲ್ಲಿ ಕೇಳಿಬಿಟ್ಟ. ಊಟ ಆಯ್ತಾ? ಅಮ್ಮ ಹೇಗಿದ್ದಾರೆ? ದಣಿದಿದ್ದೀರಾ? ಆ ಹೆಂಗಸಿನ ಮೆಲುದನಿಯಲ್ಲೇ, ಒಂದೊಂದಾದ ಮೇಲೂ ಅಷ್ಟೇ ಹೊತ್ತು ಸುಮ್ಮನಿದ್ದು.

ಬೆಳಗಿನಿಂದ ನಲವತ್ತು ಜನ ತಮ್ಮ ಹೆಸರು, ವಯಸ್ಸು ಒಪ್ಪಿಸಿ ಹೋಗಿದ್ದರು. ಸಾಹೇಬರನ್ನು ಒಬ್ಬನೂ ಏನೂ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದಿಟ್ಟು, ಕಿಟಕಿಯಾಚೆಯ ನೀರು ನೋಡುತ್ತಾ ಮಾತಾಡತೊಡಗಿದರು. ನಿಧಾನಕ್ಕೆ, ತುಂಬಾ ಹೊತ್ತು. ಕಿಡಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಬಲಗಿವಿಯನ್ನು ಅವರ ಕಡೆ ವಾಲಿಸಿ ಕೂತ. ದಾರಿ ತಪ್ಪಿದ್ದ ಉತ್ತರಗಳು ದೋಣಿ ದೋಣಿಯಾಗಿ ಬಂದು ಆ ಕಿವಿಯ ದಡ ಸೇರುತ್ತಿದ್ದವು.

ಕೊನೆಗೆ ಸಾಹೇಬರು ದುಭಾಷಿಗೆ ಏನೋ ಹೇಳಿದರು. ಅವನ ನಗು ಇಳಿಯಿತು.

"ನಿನ್ನ ಹೆಸರು ಹೊಡೆದುಹಾಕಿಲ್ಲ. ಒಂದು ತಿಂಗಳು ಟೈಮು. ದಿನಾ ಊಟದ ಹೊತ್ತಿಗೆ ಇಲ್ಲಿ ಬಂದು ಕೂರಬೇಕಂತೆ. ಉತ್ತರ ಅವರೇ ಹೇಳಿಕೊಡ್ತಾರಂತೆ."

"ಅದಿರಲಿ," ಅಂದ ಕಿಡಿ. "ಅವರಮ್ಮ ಹೇಗಿದ್ದಾರಂತೆ?"

ದುಭಾಷಿ ಅವನ ಮುಖವನ್ನೇ ನೋಡಿದ.

"ಚೆನ್ನಾಗಿದ್ದಾರಂತೆ. ಮೊಣಕಾಲು ಮಾತ್ರ ನೋವಂತೆ."