ಕೆಳಗಿನ ಹಗ್ಗದ ಬಿಳಿ ಬಟ್ಟೆ

ಒಡೀಲಳ ಮನೆಯ ಹಿಂದೆ ಬಟ್ಟೆ ಒಣಹಾಕಲು ಎರಡು ಹಗ್ಗಗಳಿದ್ದವು. ಒಂದು ಅಡುಗೆಮನೆಯ ಬಾಗಿಲ ಹತ್ತಿರ, ದಿನಬಳಕೆಯದು. ಇನ್ನೊಂದು ಇಳಿಜಾರಿನ ಕೆಳಗೆ, ನದಿಯ ದಂಡೆಯಲ್ಲಿ. ಅದನ್ನು ಅವಳ ಗಂಡ ಅನ್ಸೆಲ್ಮ್ ಏಪ್ರಿಲಿನಲ್ಲಿ, ಸರೋವರಗಳ ಮಂಜುಗಡ್ಡೆ ಒಡೆದು ಹಡಗುಗಳು ಹೊರಡುವ ಹಿಂದಿನ ದಿನ, ಹೊಸ ಗೂಟ ನೆಟ್ಟು ಕಟ್ಟಿದ್ದ.

"ಇದರ ಮೇಲೆ ಒಂದು ಕರ್ಚೀಫೂ ಹಾಕಬೇಡ ಕಣೇ. ಮಗು ಹುಟ್ಟಿದ್ಮೇಲೆ ಅದರ ಬಿಳಿ ಬಟ್ಟೆ ಸಾಲಾಗಿ ಹಾಕು. ನಾನು ಹಡಗಿಂದಾನೇ ನೋಡ್ಕೋತೀನಿ."

"ಗಂಡೋ ಹೆಣ್ಣೋ ಅಂತ ಹೇಗೆ ಗೊತ್ತಾಗುತ್ತೆ?"

"ಕೂಗಿ ಕೇಳ್ತೀನಿ. ಇಡೀ ಊರಿಗೇ ಕೇಳಿಸ್ಲಿ."

ಅವನು ಅದಿರು ಹೊರುವ ಹಡಗಿನಲ್ಲಿ ಚುಕ್ಕಾಣಿ ಹಿಡಿಯುವವನು. ಹಡಗಿನ ಹೆಸರು ಎಲ್ಮರ್ ಪ್ರೌಟಿ. ಈ ನೀರಿನಲ್ಲಿ ಓಡುವ ಹಡಗುಗಳಿಗೆಲ್ಲ ಯಾವನೋ ಸತ್ತ ಸಾಹುಕಾರನ ಹೆಸರೇ. ಬದುಕಿದ್ದಾಗ ನೀರಿಗೆ ಕಾಲಿಡದವನು ಸತ್ತ ಮೇಲೆ ಆರುನೂರು ಅಡಿ ಉದ್ದದ ಹಡಗಾಗಿ ತೇಲುತ್ತಾನೆ. ಪ್ರೌಟಿ ಮೇಲಿನ ಸರೋವರದಿಂದ ಕೆಂಪು ಅದಿರು ತುಂಬಿಕೊಂಡು ಸೇಂಟ್ ಕ್ಲೇರ್ ನದಿಯಲ್ಲಿ ಒಡೀಲಳ ಹಿತ್ತಲಿನ ಮುಂದೆಯೇ ಇಳಿದುಹೋಗುತ್ತಿತ್ತು. ಈರಿ ಸರೋವರದ ಬಂದರಿನಲ್ಲಿ ಅದನ್ನು ಇಳಿಸಿ ಮೂರನೆಯ ದಿನ ಖಾಲಿಯಾಗಿ ಮೇಲಕ್ಕೆ ಬರುತ್ತಿತ್ತು. ಆಮೇಲೆ ಆರು ದಿನ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಈ ದಂಡೆಯಲ್ಲಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಗಂಡ ಹಾದುಹೋಗುತ್ತಾನೆ. ಮುಟ್ಟಬೇಕಾದರೆ ಡಿಸೆಂಬರ್ ಬರಬೇಕು. ಊರಿನ ಅರ್ಧ ಹೆಂಗಸರ ಪಾಡು ಇದೇ ಆಗಿತ್ತು. ಗಂಡಸರು ಮನೆಯಲ್ಲಿರುವುದು ಚಳಿಗಾಲದಲ್ಲಿ ಮಾತ್ರ ಆದ್ದರಿಂದ ಮಕ್ಕಳೂ ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಸಾಲುಗಟ್ಟಿ ಹುಟ್ಟುತ್ತಿದ್ದವು. "ನಮ್ಮೂರಲ್ಲಿ ಸೇಬೂ ಕೂಸೂ ಒಂದೇ ಸುಗ್ಗಿ" ಎಂದು ಪಕ್ಕದ ಮನೆಯ ಗಸ್ಪಾರ್ ತಾತ ನಗಾಡುತ್ತಿದ್ದ.

ಗಸ್ಪಾರ್ ಮೂವತ್ತೆಂಟು ವರ್ಷ ಚುಕ್ಕಾಣಿ ಹಿಡಿದು ನಿವೃತ್ತನಾದವನು. ಈಗ ದಂಡೆಯ ಬೆಂಚಿನ ಮೇಲೆ ದುರ್ಬೀನು ಹಿಡಿದು ಕೂತು ಹೋಗುವ ಬರುವ ಹಡಗುಗಳನ್ನೆಲ್ಲ ಬೈಯುವುದೇ ಅವನ ಕೆಲಸ. ಚಿಮಣಿಯ ಬಣ್ಣ ಕಾಣುವ ಮುಂಚೆ, ಹೊಗೆ ನೋಡಿಯೇ ಇಂಥ ಹಡಗು ಎನ್ನುತ್ತಿದ್ದ. ಅನ್ಸೆಲ್ಮ್ ಹದಿನೆಂಟರ ಹುಡುಗನಾಗಿದ್ದಾಗ ಅವನಿಗೆ ಕೆಲಸ ಕಲಿಸಿದ್ದೂ ಇವನೇ.

ಹೆರಿಗೆ ನಡೆದದ್ದು ಸೆಪ್ಟೆಂಬರಿನ ಒಂದು ಶನಿವಾರ. ಹೆಣ್ಣು ಮಗು. ಉಗುರು, ರೆಪ್ಪೆ, ಕಿವಿಯ ಹಿಂದಿನ ಕೂದಲು, ಎಲ್ಲ ಸರಿಯಾಗಿತ್ತು, ಉಸಿರೊಂದಿರಲಿಲ್ಲ. ಡಾಕ್ಟರು ಬೆನ್ನು ತಟ್ಟಿದರು, ತಲೆಕೆಳಗಾಗಿ ಹಿಡಿದರು, ಆಮೇಲೆ ಕೈ ತೊಳೆದುಕೊಂಡರು. ಜ್ಞಾನಸ್ನಾನವಾಗದ ಕೂಸು ಎಂದು ಪಾದ್ರಿಗಳು ಸ್ಮಶಾನದ ಬೇಲಿಯ ಆಚೆ ಜಾಗ ತೋರಿಸಿದರು. ಚರ್ಚಿನ ಪುಸ್ತಕದಲ್ಲಿ ಹೆಸರು ಬರೆಯುವುದಕ್ಕೂ ಬರುವುದಿಲ್ಲ ಎಂದರು. ಹೆಣ್ಣಾದರೆ ರೊಸಾಲಿ ಎಂದು ಗಂಡ ಹೆಂಡತಿ ಚಳಿಗಾಲದಲ್ಲೇ ಮಾತಾಡಿಕೊಂಡಿದ್ದರು. ಒಡೀಲ್ ಆ ಹೆಸರನ್ನು ಪಾದ್ರಿಗಳ ಮುಂದೆ ಎತ್ತಲಿಲ್ಲ. ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂದಿತ್ತು, ಮತ್ತು ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ.

ಬಾಣಂತನಕ್ಕೆಂದು ಬಂದಿದ್ದ ಅತ್ತೆ ಫಿಲೊಮೀನ್ ಹಾಗೆಯೇ ಉಳಿದಳು. ಅವಳು ಬೀಟ್‌ಗೆಡ್ಡೆ ಬೆಳೆಯುವ ಒಳನಾಡಿನ ಹೆಂಗಸು. ಹಡಗಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ನೀರಿನ ಮೇಲೆ ದುಡಿಯುವವನು ತನ್ನ ಹೊಟ್ಟೆಯಲ್ಲಿ ಯಾಕೆ ಹುಟ್ಟಿದನೋ ಎಂದು ಆಗಾಗ ಗೊಣಗುತ್ತಿದ್ದಳು. ಕೈ ಸುಮ್ಮನಿದ್ದರೆ ಅಳು ಬರುತ್ತದೆಂದು ನಾಲ್ಕು ದಿನವೂ ಮನೆಯನ್ನು ಉಜ್ಜಿ ಉಜ್ಜಿ ತೊಳೆದಳು. ಬುಧವಾರ ಮಗುವಿಗೆಂದು ಹೊಲಿದಿಟ್ಟಿದ್ದ ಬಟ್ಟೆಗಳನ್ನೆಲ್ಲ ಹಂಡೆಗೆ ಹಾಕಿ ಕುದಿಸಿದಳು. ಉಡದ ಬಟ್ಟೆಯಾದರೂ ತೊಳೆದು ಬಿಸಿಲು ಕಾಣಿಸಿಯೇ ಪೆಟ್ಟಿಗೆಗೆ ಇಡಬೇಕು, ಇಲ್ಲದಿದ್ದರೆ ಮುಂದಿನ ಕೂಸಿಗೆ ಒಳ್ಳೆಯದಲ್ಲ ಎಂಬುದು ಅವಳ ತವರಿನ ನಂಬಿಕೆ. ಮೇಲಿನ ಹಗ್ಗದ ತುಂಬ ಹಾಸಿಗೆಯ ಬಟ್ಟೆಗಳಿದ್ದವು. ಕೆಳಗಿನ ಹಗ್ಗ ಖಾಲಿ ಇತ್ತು.

ಹತ್ತು ಗಂಟೆಯ ಹೊತ್ತಿಗೆ ಒಡೀಲ್ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪ್ರೌಟಿಯ ಸೀಟಿ ಕೇಳಿಸಿತು. ಮೂರು ಉದ್ದ, ಎರಡು ಗಿಡ್ಡ. ಕ್ಯಾಪ್ಟನ್ನು ದಂಡೆಯವರಿಗೆ ಮಾಡುವ ನಮಸ್ಕಾರ ಅದು, ಹೊಸದೇನಲ್ಲ. ಆದರೆ ಸೀಟಿ ನಿಲ್ಲಲಿಲ್ಲ. ಮತ್ತೆ ಮೂರು, ಮತ್ತೆ ಎರಡು, ಆಮೇಲೆ ಲೆಕ್ಕವಿಲ್ಲದೆ ಕೂಗತೊಡಗಿತು. ಹಡಗಿಗೇನೋ ಅಪಾಯವೆಂದು ಅವಳು ದಡಬಡನೆ ಎದ್ದು ಕಿಟಕಿಗೆ ಬಂದಳು. ಕೆಳಗಿನ ಹಗ್ಗದ ಮೇಲೆ ಹನ್ನೆರಡು ಪುಟ್ಟ ಬಿಳಿ ಬಟ್ಟೆಗಳು ಗಾಳಿಗೆ ಪಟಪಟ ಹಾರುತ್ತಿದ್ದವು. ಅವುಗಳ ಆಚೆ ಹಡಗು ಹೋಗುತ್ತಿತ್ತು. ಅಡುಗೆಯವನಿಂದ ಹಿಡಿದು ಬಾಯ್ಲರಿನ ಬೆಂಕಿ ನೋಡಿಕೊಳ್ಳುವವನವರೆಗೆ ಎಲ್ಲರೂ ಕಟಾಂಜನಕ್ಕೆ ಬಂದು ಟೋಪಿ ಬೀಸುತ್ತಿದ್ದರು. ಚುಕ್ಕಾಣಿ ಕೋಣೆಯ ಕಿಟಕಿಯಿಂದ ಒಂದು ಕೈ ಹೊರಚಾಚಿ, ಮುಷ್ಟಿ ಕಟ್ಟಿ, ಗಾಳಿಯನ್ನು ಗುದ್ದುತ್ತಿತ್ತು. ಅದು ಯಾರ ಕೈ ಎಂದು ಅವಳಿಗೆ ಗೊತ್ತಿತ್ತು.

"ಅತ್ತೇ, ತೆಗೀರಿ ಅದನ್ನ! ತೆಗೀರಿ!" ಎಂದು ಅವಳು ಕಿರುಚುವಷ್ಟರಲ್ಲಿ ಹಡಗು ತಿರುವು ದಾಟಿತ್ತು.

ಸಂಗತಿ ತಿಳಿದಾಗ ಫಿಲೊಮೀನ್ ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತಳು. "ನನ್ನ ಕೈಗೆ ಬೆಂಕಿ ಬೀಳ. ಒಂದು ಮಾತು ಹೇಳಬಾರದಿತ್ತೇನೇ ನನ್ನ ತಾಯಿ?"

"ಹೇಳೋಕೆ ನೆನಪೆಲ್ಲಿತ್ತು ಅತ್ತೆ" ಎಂದಳು ಒಡೀಲ್. ಅತ್ತೆಯನ್ನು ಬೈಯಲು ಅವಳಲ್ಲಿ ತ್ರಾಣವಿರಲಿಲ್ಲ.

ಗದ್ದಲ ಕೇಳಿ ಗಸ್ಪಾರ್ ತಾತ ಬೇಲಿಯ ಹತ್ತಿರ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಬಂದರಿಗೆ ಒಂದು ತಂತಿ ಕೊಟ್ಟುಬಿಡಮ್ಮ" ಎಂದ.

"ಬೇಡ ತಾತ. ಬಂದರಿನ ಗುಮಾಸ್ತ ಮೊದ್ಲು ಓದ್ತಾನೆ, ಆಮೇಲೆ ಹಡಗಿನೋರೆಲ್ಲ ಓದ್ತಾರೆ, ಕೊನೆಗೆ ಇವ್ರ ಕೈಗೆ ಬರುತ್ತೆ. ನನ್ನ ಮಗು ಸತ್ತಿದ್ದನ್ನ ಕಂಡೋರ ಬಾಯಿಂದ ಕೇಳ್ಬೇಕಾ ಅವ್ರು?"

ಅವಳಿಗೆ ಈಗ ಬೇಕಾಗಿದ್ದದ್ದು ಇಷ್ಟೇ. ಶುಕ್ರವಾರ ಹಡಗು ಮೇಲಕ್ಕೆ ಬಂದು ಮನೆಯ ಎದುರು ಹಾಯುವ ಮುಂಚೆ ಅವನಿಗೆ ತಿಳಿಯಬೇಕು. ಅದೂ ತನ್ನ ಕೈಬರಹದಲ್ಲಿ, ಅವನೊಬ್ಬನೇ ಇರುವಾಗ. ಅದಕ್ಕೆ ಒಂದು ದಾರಿ ಇತ್ತು. ಡೆಟ್ರಾಯಿಟಿನಲ್ಲಿ ಅಂಚೆಯ ಪುಟ್ಟ ದೋಣಿ ಓಡುವ ಹಡಗಿನ ಪಕ್ಕಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ ಇಳಿಬಿಡುತ್ತಾರೆ; ಕಾಗದಗಳು ಬಕೆಟ್ಟಿನಲ್ಲಿ ಮೇಲೇರುತ್ತವೆ. ಇವತ್ತು ಹಾಕಿದರೆ ಶುಕ್ರವಾರ ಬೆಳಗಾಗುವಾಗ ಅವನ ಕೈಸೇರುತ್ತದೆ. ಅಲ್ಲಿಂದ ಮನೆಯ ಎದುರಿಗೆ ಬರಲು ಇನ್ನೂ ನಾಲ್ಕು ತಾಸು. ಅಷ್ಟು ಹೊತ್ತು ಸಾಕು. ಒಬ್ಬ ಮನುಷ್ಯ ಅತ್ತು ಮುಖ ತೊಳೆದುಕೊಳ್ಳುವುದಕ್ಕೆ ನಾಲ್ಕು ತಾಸು ಸಾಕಾಗಬೇಕು.

ಅವಳು ಬರೆದಳು. ಮೂರು ಹಾಳೆ ಹರಿದು ನಾಲ್ಕನೆಯದರಲ್ಲಿ ಬರೆದಳು. ಮಗುವಿನ ಮುಖ ಹೇಗಿತ್ತೆಂದು ಬರೆದಳು, ಬೇಲಿಯಾಚೆಯ ಜಾಗ ಎಲ್ಲಿದೆಯೆಂದು ಬರೆದಳು. "ಆ ಬಟ್ಟೆ ಅತ್ತೆಗೆ ತಿಳಿಯದೆ ಹಾಕಿದ್ದು, ಅವರ ಮೇಲೆ ಸಿಟ್ಟಾಗಬೇಡಿ. ಶುಕ್ರವಾರ ನಾನು ದಂಡೆಯ ಮೇಲೆ ನಿಂತಿರುತ್ತೇನೆ. ಕ್ಯಾಪ್ಟನ್ನರಿಗೆ ಹೇಳಿ ಸೀಟಿ ಹಾಕಿಸಬೇಡಿ. ನೀವು ಸುಮ್ಮನೆ ನನ್ನ ಕಡೆ ನೋಡಿ, ಸಾಕು" ಎಂದು ಮುಗಿಸಿದಳು. ಫಿಲೊಮೀನ್ ಅದನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಮಂಡಿನೋವಿನ ಕಾಲೆಳೆದುಕೊಂಡು ತಾನೇ ಅಂಚೆ ಕಚೇರಿಗೆ ನಡೆದು, ಚೀಲ ಮಧ್ಯಾಹ್ನದ ಬಸ್ಸಿಗೆ ಏರುವ ತನಕ ಅಲ್ಲೇ ನಿಂತಿದ್ದು ಬಂದಳು.

ಶುಕ್ರವಾರ ಒಡೀಲ್ ಒಂಬತ್ತಕ್ಕೇ ದಂಡೆಗೆ ಇಳಿದಳು. ಅತ್ತೆ ಅವಳ ಹೆಗಲಿಗೆ ಶಾಲು ಹೊದಿಸಿ ಪಕ್ಕದಲ್ಲಿ ಕೂತಳು. ಗಸ್ಪಾರ್ ದುರ್ಬೀನು ಹಿಡಿದು ಕೂತಿದ್ದ. ಒಂದು ಎಣ್ಣೆಯ ಹಡಗು ಹೋಯಿತು, ಮರಳು ಬಗೆಯುವ ದೋಣಿಯೊಂದು ಹೋಯಿತು. ಯಾವುದಕ್ಕೂ ಅವನು ಬೈಯಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ "ಬಂತು" ಎಂದ.

"ಕಾಗದ ಸಿಕ್ಕಿರುತ್ತೆ ಅಲ್ವಾ ತಾತ?"

"ಅಂಚೆ ದೋಣಿಯೋರು ಒಂದು ಹಡಗನ್ನೂ ಬಿಡೋರಲ್ಲ ಕಣಮ್ಮ. ಸಿಕ್ಕಿರುತ್ತೆ."

ಹಡಗು ತಿರುವಿನಲ್ಲಿ ಮೂತಿ ಹಾಕಿತು. ಸೀಟಿ ಇಲ್ಲ. ದೀಪಸ್ತಂಭ ದಾಟಿತು, ಇನ್ನೂ ಸೀಟಿ ಇಲ್ಲ. ತಿಳಿದಿದೆ ಅವನಿಗೆ, ಎಂದುಕೊಂಡಳು. ಆರು ದಿನಗಳಲ್ಲಿ ಮೊದಲ ಸಲ ಅವಳ ಎದೆ ಸ್ವಲ್ಪ ಸಡಿಲವಾಯಿತು. ಇನ್ನು ಮೇಲೆ ಈ ಭಾರವನ್ನು ಹೊರುವವರು ಇಬ್ಬರು.

ಆಗ ಸೀಟಿ ಕೂಗಿತು.

ಮೂರು ಉದ್ದ, ಎರಡು ಗಿಡ್ಡ. ಮುಂದಿನ ಕಂಬದಿಂದ ಹಿಂದಿನ ಕಂಬದವರೆಗೆ ಹಡಗಿನವರು ಬಣ್ಣಬಣ್ಣದ ಬಾವುಟ ಕಟ್ಟಿದ್ದರು. ಮನೆಯ ಎದುರೇ ಸದ್ದು ಮಾಡೋಣವೆಂದು ಇಷ್ಟು ಹೊತ್ತು ತಡೆದಿದ್ದರು. ಮೂವತ್ತು ಜನ ಒಟ್ಟಿಗೆ ಹೋ ಎಂದರು. ಕ್ಯಾಪ್ಟನ್ನು ದೊಡ್ಡ ಮನಸ್ಸು ಮಾಡಿ ಚುಕ್ಕಾಣಿಯನ್ನು ಎರಡು ನಿಮಿಷ ತಾನೇ ಹಿಡಿದು ಅನ್ಸೆಲ್ಮನನ್ನು ಹೊರಗೆ ಬಿಟ್ಟಿದ್ದ. ಅವನು ಕೂಗುಗೊಳವೆ ಹಿಡಿದು ಹಡಗಿನ ಮುಂಭಾಗದ ಅಂಚಿಗೆ ಬಂದು ನಿಂತಿದ್ದ. ಕ್ಷೌರ ಮಾಡಿಕೊಂಡಿದ್ದ, ಮದುವೆಗೆ ಹಾಕಿದ್ದ ಬಿಳಿ ಅಂಗಿ ಹಾಕಿಕೊಂಡಿದ್ದ.

"ಒಡೀಲ್! ಗಂಡೋ, ಹೆಣ್ಣೋ?"

ಒಡೀಲ್ ಬಾಯಿ ತೆರೆದಳು. ಹೇಳಬೇಕಾದ ಮಾತು ಎರಡೇ. ಆದರೆ ಅದು ನೂರು ಗಜ ನೀರು ದಾಟಬೇಕಾದರೆ ಹೊಟ್ಟೆಯಿಂದ ಕೂಗಬೇಕು. ಸಂತೆಯಲ್ಲಿ ಮೀನು ಮಾರುವವಳ ಹಾಗೆ ಕೂಗಬೇಕು. ಸತ್ತ ಕೂಸಿನ ಸುದ್ದಿಯನ್ನು ಹಾಗೆ ಕೂಗುವ ಗಂಟಲು ಯಾವ ತಾಯಿಗಿದೆ? ಹಡಗು ಜಾರುತ್ತಲೇ ಇತ್ತು. ಅವನು ಕೈಯನ್ನು ಕಿವಿಗೆ ಹಿಡಿದು ಬಾಗಿ ಕಾಯುತ್ತಿದ್ದ.

"ಹೆಣ್ಣು!" ಎಂದು ಕೂಗಿದಳು.

ಅದು ಸುಳ್ಳಲ್ಲ. ಅವಳಿಂದ ಕೂಗಲು ಆದ ನಿಜ ಅಷ್ಟೇ.

"ರೊಸಾಲಿ!" ಎಂದು ಅವನು ಕೊಳವೆಯಲ್ಲಿ ಅಬ್ಬರಿಸಿದ. ಹಿಂದೆ ತಿರುಗಿ ಉಳಿದವರಿಗೂ ಹೇಳಿದ. ಮೂವತ್ತು ಗಂಡಸರು ಟೋಪಿ ಎಸೆದು "ರೊಸಾಲಿ! ರೊಸಾಲಿ!" ಎಂದು ಕೂಗಿದರು. ಪುಸ್ತಕದಲ್ಲಿ ಬರೆಯಲು ಬಾರದ ಹೆಸರು ನದಿಯ ಎರಡೂ ದಂಡೆಗೆ ಕೇಳಿತು. ಫಿಲೊಮೀನ್ ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡಳು.

ಅನ್ಸೆಲ್ಮ್ ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಮೇಲೆತ್ತಿ ಅಲ್ಲಾಡಿಸಿದ. ಒಂದು ಲಕೋಟೆ. ಅಂಟು ಬಿಡಿಸಿರಲಿಲ್ಲ.

"ಕಾಗದ ಬಂತು ಕಣೇ! ನದಿ ದಾಟಿ ಸರೋವರ ಸೇರಿದ್ಮೇಲೆ ಓದ್ತೀನಿ! ಒಂದೊಂದೇ ಅಕ್ಷರ ಓದ್ತೀನಿ!"

ಲಕೋಟೆಗೆ ಮುತ್ತಿಟ್ಟು ಮತ್ತೆ ಜೇಬಿಗೆ ಸೇರಿಸಿ, ಚುಕ್ಕಾಣಿ ಹಿಡಿಯಲು ಒಳಕ್ಕೆ ಓಡಿದ. ಹಡಗಿನ ಹಿಂಭಾಗ ಹಾದುಹೋಯಿತು. ಅಲೆಗಳು ಬಂದು ದಂಡೆಗೆ ಬಡಿದವು.

"ಯಾಕೆ ಓದ್ಲಿಲ್ಲ?" ಎಂದು ಒಡೀಲ್ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. "ನಾಲ್ಕು ತಾಸು ಕೈಯಲ್ಲೇ ಇತ್ತು. ಯಾಕೆ ಓದ್ಲಿಲ್ಲ?"

ಗಸ್ಪಾರ್ ದುರ್ಬೀನನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

"ನದಿಯಲ್ಲಿ ಚುಕ್ಕಾಣಿ ಹಿಡಿಯೋನು ಕಾಗದ ಒಡೆಯಬಾರದು" ಎಂದ. "ನಮ್ಮ ಕಾಲದಲ್ಲಿ ಒಬ್ಬ ಮನೆ ಕಾಗದ ಓದ್ಕೊಂಡು ಬಂದು ಹಡಗನ್ನ ಮರಳಿಗೆ ಹತ್ತಿಸಿಬಿಟ್ಟಿದ್ದ. ಒಳ್ಳೇದಿರ್ಲಿ ಕೆಟ್ಟದ್ದಿರ್ಲಿ, ನದಿ ಮುಗಿದು ಸರೋವರ ಶುರುವಾಗೋ ಸೇತುವೆ ದಾಟೋ ತನಕ ಮುಟ್ಟಬೇಡ ಅಂತ..." ಅವನು ದುರ್ಬೀನನ್ನು ಬೆಂಚಿನ ಮೇಲೆ ಪಕ್ಕಕ್ಕಿಟ್ಟ. "ನಾನೇ ಕಲಿಸಿದ್ದಮ್ಮ ಅವನಿಗೆ. ಕಿವಿ ಹಿಂಡಿ ಕಲಿಸಿದ್ದೆ. ಬುಧವಾರ ನೀನು ಬರೆಯೋವಾಗ ಈ ಹಾಳು ತಲೆಗೆ ಹೊಳೀಲೇ ಇಲ್ಲ."

ಒಡೀಲ್ ಹಡಗು ಹೋದ ಕಡೆಗೆ ತಿರುಗಿದಳು.

"ಸೇತುವೆಗೆ ಎಷ್ಟು ಹೊತ್ತು ತಾತ?"

"ಖಾಲಿ ಹಡಗು. ಎದುರು ನೀರು. ಮೂರು ತಾಸು."

ಫಿಲೊಮೀನ್ ಬಟಾಣಿ ಸಾರು ಬಿಸಿಮಾಡಿ ಬಟ್ಟಲಲ್ಲಿ ತಂದಳು. "ಒಂದು ಗುಟುಕು ಕುಡಿ ಮಗಳೇ, ಹಸೀ ಮೈ" ಎಂದು ಗೋಗರೆದಳು. ಒಡೀಲ್ ಬಟ್ಟಲು ಹಿಡಿದುಕೊಂಡಳು, ಕುಡಿಯಲಿಲ್ಲ. ಹನ್ನೆರಡು ಹೊಡೆಯಿತು. ಈಗ ಉಪ್ಪಿನ ಕಾರ್ಖಾನೆಯ ಹತ್ತಿರ ಇರುತ್ತಾನೆ. ಒಂದಾಯಿತು. ನಗುತ್ತಿರುತ್ತಾನೆ, ಅಡುಗೆಯವನು ಏನಾದರೂ ಸಿಹಿ ಮಾಡಿರುತ್ತಾನೆ, ಮಗು ಯಾರ ಹಾಗಿದೆಯೆಂದು ಎಲ್ಲರೂ ಅವನನ್ನು ಕಾಡುತ್ತಿರುತ್ತಾರೆ. ಮತ್ತೆ ಇಲ್ಲಿಗೆ ಬರುವುದು ಆರು ದಿನದ ಮೇಲೆ, ಆಗಲೂ ಹಡಗು ನಿಲ್ಲುವುದಿಲ್ಲ. ಹೆಣ್ಣು ಎಂದು ಯಾಕೆ ಕೂಗಿದೆ ಎಂದು ಅವನು ಕೇಳಿದರೆ ದಂಡೆಯಿಂದ ಏನೆಂದು ಕೂಗಿ ಹೇಳುವುದು?

ಎರಡು ಗಂಟೆಗೆ ಸ್ವಲ್ಪ ಮುಂಚೆ ಗಸ್ಪಾರ್ ಜೇಬುಗಡಿಯಾರ ನೋಡಿ, ಬೆಂಚಿನಿಂದ ಎದ್ದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸೇತುವೆ ದಾಟಿದ್ರಾ?" ಎಂದಳು ಒಡೀಲ್.

"ದಾಟಿರ್ತಾರೆ" ಎಂದ ಅವನು.